ಔಷಧಿ ಎಂದು ಬರೆದ ಪೊಟ್ಟಣ

2023ರಲ್ಲಿ ಮಂಗಳೂರು ಪೊಲೀಸರು ಅಂಗಡಿಗಳಿಂದ ವಶಪಡಿಸಿಕೊಂಡದ್ದು ಗಾಂಜಾ ಅಂಶವಿದ್ದ ಚಾಕೊಲೇಟು. ಮಂಗಳೂರಿನ ಸುದ್ದಿಗೂ ನಮ್ಮ ಕೊಬ್ಬರಿ ಸೀಮೆಗೂ ಏನು ಸಂಬಂಧ ಎಂದು ಪತ್ರಿಕೆ ಮಡಿಸಿಟ್ಟವರೇ ಹೆಚ್ಚು. ತಿಪಟೂರಿನ ಉಂಡೆ ಕೊಬ್ಬರಿಗೆ ಉತ್ತರ ಭಾರತವೇ ದೊಡ್ಡ ಮಾರುಕಟ್ಟೆ. ಸರಕು ಹೋದ ದಾರಿಯಲ್ಲೇ ಇಂಥ ಸರಕೂ ಬರುತ್ತದೆ ಎಂಬುದು ಮಂಡಿಯಲ್ಲಿ ಕೂತವರಿಗೆ ಹೇಳಿಕೊಡಬೇಕಾದ ಮಾತಲ್ಲ. ತೊಂಬತ್ತರ ದಶಕದ ಕೊನೆಗೆ ತೆಂಗಿಗೆ ನುಸಿ ಬಂದಾಗಲೂ ಮೊದಲು ಕಂಡದ್ದು ಹರಳಿನ ತೊಟ್ಟಿನ ಕೆಳಗೆ ಬಿಳಚಿದ ಮೂರುಮೂಲೆಯ ಕಲೆ, ಅಷ್ಟೇ. ಕಲೆ ಕಂದಾಗಿ, ಸೀಳಿ, ಕಾಯಿ ಗಿಡ್ಡವಾಗಿ ಕೊಬ್ಬರಿಯ ತೂಕ ಇಳಿದ ಮೇಲೆ ಎಚ್ಚರವಾಯಿತು. ಅಷ್ಟರಲ್ಲಿ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎನ್ನದೆ ತೋಟ ತೋಟಕ್ಕೂ ಹಬ್ಬಿಯಾಗಿತ್ತು.

ಇಂಥ ಸರಕು ಔಷಧಿಯ ಹೆಸರಿನಲ್ಲಿ ಅಂಗಡಿಗೆ ನುಸುಳುವ ಕಾನೂನಿನ ಸಂದು ಎಲ್ಲಿದೆ ನೋಡಿ. 1985ರ ಎನ್‌ಡಿಪಿಎಸ್ ಕಾಯ್ದೆಗೆ ಗಾಂಜಾ ಎಂದರೆ ಗಿಡದ ಹೂ, ಕಾಯಿಯ ತುದಿ. ತುದಿ ಬೆರೆಯದ ಎಲೆ ಮತ್ತು ಬೀಜ ಅದರ ಹೊರಗೆ. 2022ರ ಆಗಸ್ಟ್‌ನಲ್ಲಿ ಭಂಗ್ ಪ್ರಕರಣವೊಂದರಲ್ಲಿ ಜಾಮೀನು ಕೊಡುತ್ತ ನಮ್ಮ ಹೈಕೋರ್ಟೂ ಇದನ್ನೇ ಎತ್ತಿ ಹೇಳಿತು. ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಅಮಲಿನ ಅಂಶಕ್ಕೆ ಮಿತಿ ಹಾಕಿ ಆಹಾರವೆಂದು ಒಪ್ಪಿದೆ. ಅದರ ಮೇಲೆ ನಮ್ಮ ತಕರಾರಿಲ್ಲ, ವೈದ್ಯರು ಕೈ ನೋಡಿ ಕೊಡುವ ಔಷಧಿಯ ಮೇಲೂ ಇಲ್ಲ. ಅದೇ ಎಲೆ ‘ವಿಜಯಾ’ ಎಂಬ ಹೆಸರಿನಲ್ಲಿ ಗುಳಿಗೆಯಾಗಿ ಬೀಡಾ ಅಂಗಡಿ ಸೇರುವುದು ಬೇರೆ ಮಾತು. ಆಯುರ್ವೇದ ಔಷಧಿ ತಯಾರಿಸಲು ಪರವಾನಗಿ ಬೇಕು, ಮಾರಲು ಬೇಡ! ಪೊಟ್ಟಣದ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಿ’ ಎಂಬ ಎಚ್ಚರಿಕೆ ಇರಲೇಬೇಕು, ನಿಜ. ಆದರೆ ನಿಯಮ ಕೇಳುವುದು ಅದನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹುಳಿಯಾರಿನ ಸಂತೆಗೆ ಬಂದ ತಾಯಿಗೆ ಮಗನ ಜೇಬಿನಲ್ಲಿ ಸಿಕ್ಕ ಪೊಟ್ಟಣ ಏನು ಹೇಳೀತು?

ಹೆಸರು ಬದಲಿಸಿ ಬದುಕುವ ಈ ವಿದ್ಯೆ ಹೊಸದಲ್ಲ. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಒಂದೇ ಪೊಟ್ಟಣ ಎರಡಾಯಿತು. ಪಾನ್ ಮಸಾಲ ಒಂದು ಸರದಲ್ಲಿ, ತಂಬಾಕು ಪಕ್ಕದ ಸರದಲ್ಲಿ. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಂತು. ತನಿಖೆಗೆ ಬಂದವರಿಗೆ ಎರಡೂ ಬೇರೆ ಬೇರೆ ಸರಕಾಗಿ ಕಂಡವು.

‘ಆಯುರ್ವೇದ ತಾನೆ, ಸೊಪ್ಪು ತಾನೆ, ಏನಾಗುತ್ತೆ ಬಿಡಿ’ ಎಂಬ ಮಾತಿಗೆ ನಾವು ಹೆದರುತ್ತೇವೆ. ಅಬಕಾರಿಯವರು ಇದು ಔಷಧಿ ಎನ್ನಬಹುದು, ಆಯುಷ್‌ನವರು ಮಾರಾಟ ನಮ್ಮದಲ್ಲ ಎನ್ನಬಹುದು, ಆಹಾರ ಸುರಕ್ಷತೆಯವರು ಇದು ಆಹಾರವೇ ಅಲ್ಲ ಎನ್ನಬಹುದು. ಹಾಗೆ ಅಂದರೆ ಮೂವರೂ ಸುಳ್ಳು ಹೇಳಿದಂತಾಗುವುದಿಲ್ಲ. ತೊಂದರೆ ಇರುವುದೂ ಅಲ್ಲೇ.

ಸರದಲ್ಲಿ ತೂಗದೆ ಡಬ್ಬಿಯ ಹಿಂದಿನಿಂದ ಬರುವ ಗುಳಿಗೆ, ಮತ್ತೆ ಮತ್ತೆ ಅದನ್ನೇ ಕೇಳುವ ಕಾಲೇಜು ಹುಡುಗ, ತರಗತಿಯಲ್ಲಿ ಮಧ್ಯಾಹ್ನಕ್ಕೇ ಮಂಪರು. ಇಷ್ಟು ಕಂಡರೆ ಸಾಕು, ಕೇಳಬೇಕು.

1965ರ ಕರ್ನಾಟಕ ಅಬಕಾರಿ ಕಾಯ್ದೆಯ ಮಾದಕ ವಸ್ತುಗಳಲ್ಲಿ ಭಂಗಿ ಎಲೆಯೂ ಸೇರಿದೆ, ಆದ್ದರಿಂದ ಅಧಿಕಾರ ಸಾಲದು ಎನ್ನುವಂತಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಮೂರೂ ಇಲಾಖೆಗಳು ಒಂದೇ ದಿನ ಒಟ್ಟಿಗೆ ಅಂಗಡಿ ಹತ್ತಲಿ. ಇಂಥ ಗುಳಿಗೆ ವೈದ್ಯರ ಚೀಟಿಗೆ ಮಾತ್ರ ಸಿಗಲಿ. ಎಚ್ಚರಿಕೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿರಲಿ. ಶಾಲೆ ಕಾಲೇಜಿನ ಸುತ್ತಲಿನ ಅಂಗಡಿಗಳಿಂದಲೇ ಶುರುವಾಗಲಿ.