ತನ್ನವರ ನೆತ್ತರು

1870ರ ಜನವರಿ 23ರ ಬೆಳಗಿನ ಜಾವ, ಮೊಂಟಾನಾದ ಮರಾಯಸ್ ನದಿಯ ದಂಡೆಯಲ್ಲಿ ಬೀಡುಬಿಟ್ಟಿದ್ದ ಬ್ಲ್ಯಾಕ್‌ಫೀಟ್ ಬುಡಕಟ್ಟಿನವರ ಮೇಲೆ ಅಮೆರಿಕದ ಸೈನ್ಯ ಗುಂಡಿನ ಮಳೆಗರೆಯಿತು. ಕೊರೆಯುವ ಚಳಿ; ಬಿಡಾರದ ತುಂಬ ಸಿಡುಬು. ತಾವು ಸರ್ಕಾರದ ಮಿತ್ರರೆಂಬ ಕಾಗದ ಹಿಡಿದು ಎದುರು ಬಂದ ಮುಖಂಡ ಹೆವಿ ರನ್ನರ್ ಗುಂಡೇಟಿಗೆ ಬಿದ್ದ. ಸೈನ್ಯದ ಲೆಕ್ಕದಲ್ಲೇ ಸತ್ತವರು 173. ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು ಎಂದು ಬದುಕುಳಿದವರು ಹೇಳಿದರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಸ್ಟೀಫನ್ ಗ್ರಹಾಂ ಜೋನ್ಸ್ ಇದನ್ನು ಒಡಲಲ್ಲಿಟ್ಟುಕೊಂಡು 2025ರಲ್ಲಿ ಪ್ರಕಟಿಸಿದ್ದು ಒಂದು ವ್ಯಾಂಪೈರ್ ಕಾದಂಬರಿ, 'ದಿ ಬಫಲೋ ಹಂಟರ್ ಹಂಟರ್'. 1972ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಜೋನ್ಸ್ ಸ್ವತಃ ಬ್ಲ್ಯಾಕ್‌ಫೀಟ್ ಸಮುದಾಯದವರು. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾರೆ. ಇಂಥ ನೋವಿಗೆ ಪಿಶಾಚಿ ಕತೆಯ ವೇಷ ಏಕೆ ಎಂದು ಯಾರಿಗಾದರೂ ಅನ್ನಿಸಬಹುದು. ಉತ್ತರ ಆ ಪಿಶಾಚಿಯ ಮೈಯಲ್ಲೇ ಇದೆ.

ಕಾದಂಬರಿಯಲ್ಲಿ, 1912ರಲ್ಲಿ ಗುಡ್ ಸ್ಟ್ಯಾಬ್ ಎಂಬ ಬ್ಲ್ಯಾಕ್‌ಫೀಟ್ ವ್ಯಾಂಪೈರ್ ಮೈಲ್ಸ್ ಸಿಟಿಯ ಒಬ್ಬ ಮುದಿ ಪಾದ್ರಿಯ ಮುಂದೆ ತನ್ನ ಕತೆ ಬಿಚ್ಚುತ್ತಾನೆ. ಕಾಡೆಮ್ಮೆಗಳ ತೊಗಲು ಸುಲಿದು ಮಾಂಸವನ್ನು ಕೊಳೆಯಲು ಬಿಟ್ಟುಹೋದ ಬಿಳಿಯ ಬೇಟೆಗಾರರನ್ನು ಅವನು ಬೇಟೆಯಾಡಿದ್ದಾನೆ. ಇಷ್ಟೇ ಆಗಿದ್ದರೆ ಸೇಡಿನ ಕತೆ. ನಾವು ನಿಶ್ಚಿಂತೆಯಿಂದ ಅವನ ಪರ ನಿಲ್ಲುತ್ತಿದ್ದೆವು. ಆದರೆ ಅವನು ಯಾರ ರಕ್ತ ಕುಡಿಯುತ್ತಾನೋ ಅವರಂತೆಯೇ ಆಗುತ್ತಾ ಹೋಗುತ್ತಾನೆ. ಪ್ರಾಣಿಯ ರಕ್ತ ಕುಡಿದರೆ ಪ್ರಾಣಿಯ ಲಕ್ಷಣ; ಬಿಳಿಯರ ರಕ್ತ ಕುಡಿಯುತ್ತಿದ್ದರೆ ಗಡ್ಡ ಮೂಡುತ್ತದೆ, ಮೈ ಬಿಳಿಚುತ್ತದೆ. ಬ್ಲ್ಯಾಕ್‌ಫೀಟ್ ಆಗಿಯೇ ಉಳಿಯಬೇಕೆಂದರೆ ತನ್ನವರನ್ನೇ ಕೊಲ್ಲಬೇಕು! ಶತ್ರುವಿನಂತಾಗು, ಇಲ್ಲವೇ ನಿನ್ನವರನ್ನು ತಿಂದು ನೀನಾಗಿರು: ಗೆದ್ದವರು ಸೋತವರನ್ನು ತಳ್ಳುವ ಇಕ್ಕಟ್ಟನ್ನು ಇಷ್ಟು ನಿಷ್ಠುರವಾಗಿ ಹೇಳಿದ ಚರಿತ್ರೆಯ ಪುಸ್ತಕವನ್ನು ನಾನು ಓದಿಲ್ಲ.

ತನ್ನವರೆಂದು ಜೋನ್ಸ್ ಯಾರಿಗೂ ವಿನಾಯಿತಿ ಕೊಡುವುದಿಲ್ಲ. 2020ರ 'ದಿ ಓನ್ಲಿ ಗುಡ್ ಇಂಡಿಯನ್ಸ್' ಕಾದಂಬರಿಯಲ್ಲಿ ತಪ್ಪು ಮಾಡಿದವರೇ ನಾಲ್ವರು ಬ್ಲ್ಯಾಕ್‌ಫೀಟ್ ಹುಡುಗರು. ಹಿರಿಯರಿಗೆಂದು ಮೀಸಲಾದ ಕಾಡಿಗೆ ನುಗ್ಗಿ, ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡಿನ ಮೇಲೆ ನಾಲ್ವರೂ ಗುಂಡು ಹಾರಿಸುತ್ತಾರೆ. ಸತ್ತವುಗಳಲ್ಲಿ ಒಂದು ಗಬ್ಬದ ಎಲ್ಕ್. ಅದರ ಒಂದು ಚೂರನ್ನೂ ಹಾಳುಮಾಡುವುದಿಲ್ಲ ಎಂದು ಅವರಲ್ಲೊಬ್ಬನಾದ ಲೂಯಿಸ್ ಮಾತು ಕೊಟ್ಟು, ಚರ್ಮವನ್ನು ಜೋಪಾನ ಮಾಡಿರುತ್ತಾನೆ. ಹತ್ತು ವರ್ಷದ ಮೇಲೆ, ಮನೆಯಲ್ಲಿ ದೀಪ ನೋಡಲೆಂದು ಏಣಿ ಹತ್ತಿದವನು ತಿರುಗುವ ಫ್ಯಾನಿನ ರೆಕ್ಕೆಗಳ ಸಂದಿನಿಂದ ಕೆಳಗೆ ನೋಡಿದರೆ, ಜಮಖಾನದ ಮೇಲೆ ಅದೇ ಎಲ್ಕ್ ಬಿದ್ದಿದೆ. ಆ ಸಂದಿನಲ್ಲಿ ಮಾತ್ರ ಕಾಣುತ್ತದೆ.

ಸೇಡಿಗೆ ಬಂದ ಆ ಎಲ್ಕ್‌ನ ಕೋಪ ನ್ಯಾಯವಾದದ್ದು ಎಂದು ಒಪ್ಪಿಕೊಂಡ ಮೇಲೂ, ಈ ಲೂಯಿಸ್ ಹೇಗಾದರೂ ಬದುಕಿಕೊಳ್ಳಲಿ ಎಂದೇ ನಾನು ಪುಟ ತಿರುವುತ್ತಿದ್ದೆ.