ಕಂಪ್ಯೂಟರಿಗೂ ಒಂದು ಚಿಲಕ



ದಾವಣಗೆರೆ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇದ್ದರಂತೆ. ಮಗಳ ಶಾಲೆಯ ಪಾಠಕ್ಕೆ ಯಾವುದೋ ಚಿತ್ರ ಹುಡುಕುತ್ತಿದ್ದಾಗ ಕಂಪ್ಯೂಟರಿನ ಪರದೆ ಇದ್ದಕ್ಕಿದ್ದಂತೆ ಕೆಂಪಾಯಿತು, ಸೈರನ್ ಕೂಗಿತು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಆರಿಸಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಎಂದು ಇಂಗ್ಲಿಷಿನಲ್ಲಿ ಬರಹ. ಏನು ಒತ್ತಿದರೂ ಹೋಗಲೊಲ್ಲದು. ಗಾಬರಿಯಾಗಿ ಪ್ಲಗ್ಗನ್ನೇ ಕಿತ್ತುಬಿಟ್ಟರಂತೆ. “ನಾನು ಮಾಡಿದ್ದು ತಪ್ಪೇ? ನಮ್ಮ ಯಜಮಾನರಿಗೆ ಇನ್ನೂ ಹೇಳಿಲ್ಲ” ಎಂದು ಕೇಳಿದ್ದಾರೆ.

ತಪ್ಪೇನಿಲ್ಲಮ್ಮ. ಆ ನಂಬರಿಗೆ ಫೋನ್ ಮಾಡಲಿಲ್ಲವಲ್ಲ, ಅಷ್ಟರಲ್ಲೇ ನೀವು ಗೆದ್ದಿರಿ.

ಆ ಕೆಂಪು ಪರದೆ ಬರಿಯ ಬೆದರುಬೊಂಬೆ. ಅದೂ ಒಂದು ವೆಬ್ ಪುಟ, ಪರದೆ ತುಂಬ ಹರಡಿಕೊಂಡು ಸೈರನ್ ಸದ್ದು ಮಾಡುತ್ತದೆ ಅಷ್ಟೆ. ಅದು ಕಾಣಿಸಿತು ಎಂದ ಮಾತ್ರಕ್ಕೆ ವೈರಸ್ ಒಳಗೆ ಬಂದಿದೆ ಎಂದಲ್ಲ. ಫೋನ್ ಮಾಡಿದಿರೋ, ನಿಜವಾದ ಕಳ್ಳತನ ಅಲ್ಲಿಂದ ಶುರು. ಆ ಕಡೆಯಿಂದ ನಯವಾದ ದನಿ, ಮಾತಿಗೊಮ್ಮೆ ‘ಮೇಡಂ’. ತಾನು ಕಂಪನಿಯವನೇ ಅಂತಾನೆ. ‘ಎನಿಡೆಸ್ಕ್’ ಅಥವಾ ‘ಟೀಮ್‌ವ್ಯೂವರ್’ ಹಾಕಿಕೊಳ್ಳಿ ಅಂತಾನೆ. ಇವೇನೂ ಕೆಟ್ಟ ಸಾಫ್ಟ್‌ವೇರುಗಳಲ್ಲ, ದೂರದಲ್ಲಿ ಕುಳಿತು ರಿಪೇರಿ ಮಾಡುವವರು ಕಚೇರಿಗಳಲ್ಲಿ ಬಳಸುವಂಥವು. ಆದರೆ ಅದರಲ್ಲಿ ಕಾಣುವ ಸಂಖ್ಯೆಯನ್ನು ಅವನಿಗೆ ಹೇಳಿ, ಒಪ್ಪಿಗೆ ಒತ್ತಿದಿರೆಂದರೆ ನಿಮ್ಮ ಮೌಸು ಅವನ ಕೈಗೆ ಹೋಯಿತು. ಆಮೇಲೆ ‘ಈವೆಂಟ್ ವ್ಯೂವರ್’ ಎಂಬ ಪಟ್ಟಿ ತೆರೆದು, ಅಲ್ಲಿನ ಕೆಂಪು, ಹಳದಿ ಗುರುತುಗಳನ್ನು ತೋರಿಸಿ, ‘ನೋಡಿ ಮೇಡಂ, ಇಷ್ಟೂ ವೈರಸ್’ ಅಂತಾನೆ. ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರಿನಲ್ಲೂ ಆ ಗುರುತುಗಳು ಇರುತ್ತವೆ, ಸಣ್ಣಪುಟ್ಟ ತೊಡಕುಗಳನ್ನು ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಿನಚರಿ ಅದು. ನಮಗೆ ಗೊತ್ತಿರುವುದಿಲ್ಲ, ಅವನಿಗೆ ಗೊತ್ತು. ಕೊನೆಗೆ ಫೀಸು ಕಟ್ಟಲು ನೆಟ್ ಬ್ಯಾಂಕಿಂಗ್ ತೆರೆಯಿರಿ ಅಂತಾನೆ. ಅವನ ಕಣ್ಣೆದುರಿಗೇ ನಿಮ್ಮ ಖಾತೆ ತೆರೆದುಕೊಂಡ ಮೇಲೆ ಉಳಿದದ್ದನ್ನು ಹೇಳಬೇಕೆ?

ಮೈಕ್ರೋಸಾಫ್ಟ್ ಕಂಪನಿಯ ಎಚ್ಚರಿಕೆಯ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಆ ಕಂಪನಿಯೇ ಹೇಳಿದೆ. ನಂಬರ್ ಕಂಡರೆ ಸುಳ್ಳು, ಅಷ್ಟೇ ನೆನಪಿಟ್ಟುಕೊಳ್ಳಿ.

ಪ್ಲಗ್ ಕೀಳದೆಯೂ ಅದನ್ನು ಓಡಿಸಬಹುದು. ಎಸ್ಕೇಪ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಪುಟ ಚಿಕ್ಕದಾದರೆ ಮುಚ್ಚಿ. ಆಗದಿದ್ದರೆ ಆಲ್ಟ್ ಮತ್ತು ಎಫ್ 4 ಒಟ್ಟಿಗೆ. ಅದಕ್ಕೂ ಜಗ್ಗದಿದ್ದರೆ ಕಂಪ್ಯೂಟರಿನ ಪವರ್ ಗುಂಡಿಯನ್ನು ಆರುವ ತನಕ ಒತ್ತಿ ಹಿಡಿದುಬಿಡಿ. ಮತ್ತೆ ಹಚ್ಚಿದಾಗ ‘ಹಳೆಯ ಪುಟಗಳನ್ನು ತೆರೆಯಲೇ’ ಎಂದು ಕೇಳುತ್ತದೆ, ಬೇಡ ಅನ್ನಿ. ಇನ್ನೊಂದು ಕಾಟವಿದೆ. ಕಂಡ ಕಂಡ ವೆಬ್‌ಸೈಟುಗಳು ‘ನೋಟಿಫಿಕೇಶನ್ ಕಳಿಸಲೇ?’ ಎಂದು ಕೇಳುತ್ತವೆ. ಅವಸರದಲ್ಲಿ ‘ಅಲೋ’ ಒತ್ತಿದರೆ ದಿನವಿಡೀ ಪರದೆಯ ಮೂಲೆಯಲ್ಲಿ ವೈರಸ್ ಬಂತು, ವೈರಸ್ ಬಂತು ಎಂದು ಇಣುಕುತ್ತಲೇ ಇರುತ್ತವೆ. ಬ್ರೌಸರಿನ ಸೆಟ್ಟಿಂಗ್ಸಿಗೆ ಹೋಗಿ ಆ ಒಪ್ಪಿಗೆಯನ್ನು ವಾಪಸು ತೆಗೆದುಕೊಳ್ಳಬಹುದು.

ಯಜಮಾನರಿಗೆ ಹೇಳಿಲ್ಲ ಎಂದಿರಲ್ಲ, ಅದೊಂದು ನನಗೆ ಸರಿ ಕಾಣಲಿಲ್ಲ. ಇವತ್ತೇ ಹೇಳಿಬಿಡಿ. ‘ನಿನಗೇಕೆ ಬೇಕಿತ್ತು ಆ ಉಸಾಬರಿ’ ಎಂದು ಬೈಯುವ ಮನೆಗಳಲ್ಲಿ ಹೆಂಗಸರೂ ಮಕ್ಕಳೂ ನಡೆದದ್ದನ್ನು ಮುಚ್ಚಿಡುತ್ತಾರೆ. ಹಣ ಹೋದಮೇಲೂ ಮುಚ್ಚಿಡುತ್ತಾರೆ. ಆ ಅಂಜಿಕೆಯೇ ಕಳ್ಳನಿಗೆ ಬಂಡವಾಳ. ಗಂಡಸರೇನು ಮೋಸ ಹೋಗುವುದಿಲ್ಲವೇ? ದಂಡಿಯಾಗಿ ಹೋಗುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಈ ಪುಟವನ್ನು ಅವರ ಕಾಫಿ ಲೋಟದ ಪಕ್ಕ ಇಟ್ಟುಬಿಡಿ.

ಇನ್ನು ಕಂಪ್ಯೂಟರಿನ ವಿಚಾರ. ‘ಅಪ್‌ಡೇಟ್ ಮಾಡಿ’ ಎಂದು ಅದು ಕೇಳಿದಾಗಲೆಲ್ಲ ‘ನಾಳೆ’ ಒತ್ತುವ ಅಭ್ಯಾಸ ನಮ್ಮಲ್ಲಿ ಬಹಳ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪೀಡೆ ಲೋಕವೆಲ್ಲ ಹರಡಿ, ಕಂಪ್ಯೂಟರಿನ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚಿಯಲ್ಲೇ ಕೊಟ್ಟಿತ್ತು. ಎರಡು ತಿಂಗಳು ‘ನಾಳೆ’ ಎಂದವರೇ ಸಿಕ್ಕಿಬಿದ್ದರು.

ಮನೆಯಲ್ಲಿರುವುದು ವಿಂಡೋಸ್ 10 ಆದರೆ ಇದನ್ನು ಗಮನಿಸಿ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಅಪ್‌ಡೇಟ್ ನಿಂತಿತು. ನೋಂದಾಯಿಸಿಕೊಂಡವರಿಗೆ ಮಾತ್ರ ಮೇಲೊಂದು ವರ್ಷದ ವಾಯಿದೆ ಕೊಟ್ಟರು. ಹಳೆಯ ಯಂತ್ರಗಳು ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹೊಸದು ಕೊಳ್ಳುವ ಅನುಕೂಲವಿಲ್ಲದಿದ್ದರೆ ಹಳೆಯದನ್ನು ಮಕ್ಕಳ ಬರವಣಿಗೆಗೆ, ಹಾಡು ಕೇಳುವುದಕ್ಕೆ ಇಟ್ಟುಕೊಳ್ಳಿ, ಬ್ಯಾಂಕಿನ ವ್ಯವಹಾರ ಅದರಲ್ಲಿ ಬೇಡ. ತಿಳಿದವರಿದ್ದರೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿಕೊಳ್ಳಬಹುದು. ಪ್ರತ್ಯೇಕ ವೈರಸ್ ನಿರೋಧಕಕ್ಕೆ ದುಡ್ಡು ಕೊಡಲೇಬೇಕೆಂದಿಲ್ಲ, ವಿಂಡೋಸ್ ಜೊತೆಗೇ ಬರುವ ‘ಡಿಫೆಂಡರ್’ ಮನೆಬಳಕೆಗೆ ಸಾಕು. ಆದರೆ ಅಂಗಡಿಯ ಹುಡುಗ ‘ಅಕ್ಕಾ, ಬಿಟ್ಟಿ ಹಾಕಿಕೊಡ್ತೀನಿ’ ಎಂದು ತರುವ ಕಳ್ಳ ಪ್ರತಿಯ ಸಾಫ್ಟ್‌ವೇರ್ ಮಾತ್ರ ಖಂಡಿತ ಬೇಡ. ಅದನ್ನು ಹಾಕಬೇಕಾದರೆ ಎಷ್ಟೋ ಸಲ ಡಿಫೆಂಡರನ್ನೇ ಆರಿಸು ಅನ್ನುತ್ತದೆ. ಕಾವಲುಗಾರನನ್ನು ಕಳಿಸಿ ಬಾಗಿಲು ತೆರೆದಂತಾಯಿತಲ್ಲ!

ಬೀರುವಿನ ಬೀಗದ ಕೈಯನ್ನು ಮನೆಯ ಎಲ್ಲರ ಕೈಗೂ ಕೊಡುತ್ತೇವೆಯೇ? ಕಂಪ್ಯೂಟರಿನಲ್ಲೂ ‘ಅಡ್ಮಿನಿಸ್ಟ್ರೇಟರ್’ ಖಾತೆ ಒಂದೇ ಇರಲಿ, ಗುಟ್ಟಾದ ಪಾಸ್‌ವರ್ಡ್ ಸಹಿತ. ದಿನಬಳಕೆಗೆ ಎಲ್ಲರಿಗೂ ‘ಸ್ಟಾಂಡರ್ಡ್’ ಖಾತೆ ಮಾಡಿಸಿ. ಆಗ ಮಗ ಆಟದ ಆಸೆಗೆ ಏನನ್ನೋ ಒತ್ತಿದರೂ ಪಾಸ್‌ವರ್ಡ್ ಕೇಳುತ್ತದೆ, ಅಷ್ಟರಲ್ಲಿ ನೀವು ಬಂದು ನೋಡಬಹುದು.

ಎಷ್ಟು ಎಚ್ಚರವಿದ್ದರೂ ಒಂದು ದಿನ ಎಡವಬಹುದು, ಅದಕ್ಕೆ ಪ್ರತಿ ಬೇಕು. ವರ್ಷದ ಉಪ್ಪಿನಕಾಯನ್ನೆಲ್ಲ ಒಂದೇ ಜಾಡಿಗೆ ಹಾಕುತ್ತೇವೆಯೇ? ಒಂದಕ್ಕೆ ಬೂಷ್ಟು ಹಿಡಿದರೆ ಅಟ್ಟದ ಮೇಲೊಂದು ಇರಲಿ ಎಂದಲ್ಲವೇ! ಮಗುವಿನ ನಾಮಕರಣದ ಫೋಟೋ, ತೀರಿಕೊಂಡ ಅಜ್ಜಿಯ ದನಿ, ಮನೆ ಸಾಲದ ಕಾಗದ, ಎಲ್ಲವನ್ನೂ ತಿಂಗಳಿಗೊಮ್ಮೆ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ, ತಂತಿ ಬಿಚ್ಚಿ ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ ಕಡತಗಳಿಗೆ ಬೀಗ ಹಾಕುವ ವೈರಸ್ ಇದಕ್ಕೂ ಹಾಕಿಬಿಡುತ್ತದೆ.

ಅಕಸ್ಮಾತ್ ಯಾರನ್ನಾದರೂ ಒಳಗೆ ಬಿಟ್ಟುಕೊಂಡದ್ದಾದರೆ ಮೊದಲು ಇಂಟರ್ನೆಟ್ ಆರಿಸಿ. ಬ್ಯಾಂಕಿಗೆ ಫೋನ್ ಮಾಡಿ, ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೆಯೋ ಇರುವ ನಂಬರಿಗೆ. ಗೂಗಲಿನಲ್ಲಿ ಹುಡುಕಿದ ನಂಬರಿಗಲ್ಲ, ಅಲ್ಲೂ ಕಳ್ಳರು ತಮ್ಮ ನಂಬರ್ ತುರುಕಿರುತ್ತಾರೆ. ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು. ದೂರು ಬರೆದುಕೊಡಲು ಜಿಲ್ಲೆಗಳಲ್ಲಿ ‘ಸೆನ್’ ಪೊಲೀಸ್ ಠಾಣೆಗಳಿವೆ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದಲೋ ಕಂಪ್ಯೂಟರಿನಿಂದಲೋ ಬದಲಾಯಿಸಿ, ಅದರಿಂದಲೇ ಬೇಡ.

ಪತ್ರದ ಕೊನೆಯಲ್ಲಿ ಸೋದರಿ ಇನ್ನೊಂದು ಕೇಳಿದ್ದಾರೆ: ಇಷ್ಟೊಂದು ಪಾಸ್‌ವರ್ಡ್ ನೆನಪಿಡುವುದು ಹೇಗೆ, ಪುಸ್ತಕದಲ್ಲಿ ಬರೆದಿಡಬಹುದೇ ಎಂದು. ಧಾರಾಳವಾಗಿ ಬರೆದಿಡಿ. ದೂರದೂರಿನ ಕಳ್ಳ ನಿಮ್ಮ ಅಡುಗೆಮನೆಯ ಡಬ್ಬಿಯೊಳಗಿನ ಪುಸ್ತಕ ಓದಲಾರ. ಎಲ್ಲದಕ್ಕೂ ಮಗಳ ಹೆಸರು, ಹುಟ್ಟಿದ ವರ್ಷ ಎಂದು ಒಂದೇ ಇಡುವುದಕ್ಕಿಂತ ಇದು ಎಷ್ಟೋ ವಾಸಿ. ಬ್ಯಾಂಕಿಗೂ ಈಮೇಲಿಗೂ ಬೇರೆ ಬೇರೆ ಇರಲಿ, ಉದ್ದವಾಗಿರಲಿ. ಪುಸ್ತಕದ ಮೇಲೆ ಮಾತ್ರ ‘ಪಾಸ್‌ವರ್ಡ್’ ಎಂದು ಬರೆಯಬೇಡಿ, ‘ಹಾಲಿನ ಲೆಕ್ಕ’ ಎಂದು ಬರೆದುಬಿಡಿ.