ಬಲಿಪೀಠದ ಸ್ಥಾನಪಲ್ಲಟ

ಬಲಿಪೂಜೆ ಅರ್ಪಿಸುವ ಗುರುಗಳು ಜನರತ್ತ ಮುಖಮಾಡಬೇಕೋ, ಬಲಿಪೀಠದತ್ತಲೋ ಎಂಬ ಪ್ರಶ್ನೆಯು 2021ರಿಂದ ಕೇರಳದ ಸಿರೋ-ಮಲಬಾರ್ ಸಭೆಯನ್ನು ಕಲಕಿತು. 2022ರಲ್ಲಿ ಎರ್ನಾಕುಲಂನ ಪ್ರಧಾನ ಇಗರ್ಜಿಯ ಬಾಗಿಲು ಮುಚ್ಚುವವರೆಗೆ ವಿವಾದ ಬೆಳೆಯಿತು. ಅದೇ ಸಭೆಯ ಕಲ್ಯಾಣ ಧರ್ಮಪ್ರಾಂತ್ಯವು 1988ರಲ್ಲಿ ಸ್ಥಾಪಿತವಾದುದು. ಆದಕಾರಣ ಟಿಟ್ವಾಳಾ, ಕಲ್ಯಾಣ, ಠಾಣೆಗಳ ನಮ್ಮ ವಾಚಕರಿಗೆ ಇದು ದೂರದ ಸುದ್ದಿಯಲ್ಲ. ಮುಖ ತಿರುಗಿಸುವ ಮಾತು ಇಷ್ಟು ದೊಡ್ಡದೇಕೆ? ಉತ್ತರದ ಒಂದು ಭಾಗ ಕಟ್ಟಡದೊಳಗಿದೆ.

ಲ್ಯಾಟಿನ್ ಪದ್ಧತಿಯ ಹಳೆಯ ಇಗರ್ಜಿಗಳಲ್ಲಿ ಬಲಿಪೀಠವು ಸಾಮಾನ್ಯವಾಗಿ ಹಿಂಗೋಡೆಗೆ ಸೇರಿಕೊಂಡಿರುತ್ತಿತ್ತು. ಗುರುಗಳೂ ಜನರೂ ಒಂದೇ ದಿಕ್ಕಿಗೆ ಮುಖಮಾಡುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಉಪಾಸನೆಯ ಸುಧಾರಣೆಯನ್ನು ಘೋಷಿಸಿತು. ಸುತ್ತಲೂ ನಡೆಯಲು, ಜನಾಭಿಮುಖವಾಗಿ ಪೂಜಿಸಲು ಅನುಕೂಲವಾಗುವಂತೆ ಪ್ರಧಾನ ಬಲಿಪೀಠವು ಗೋಡೆಯಿಂದ ಬೇರೆಯಾಗಿರುವುದು ಲೇಸೆಂದು 1964ರ ಸೆಪ್ಟೆಂಬರ್ 26ರ ನಿರ್ದೇಶನವು ಹೇಳಿತು.

ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯನ್ನು ಸರಿಸಿದರೆ ಮೇಜುಗಳ ಸಾಲು, ಗಿರಾಕಿಗಳ ದಾರಿ ಎಲ್ಲವೂ ಬದಲಾಗುವುದನ್ನು ನಾವು ಬಲ್ಲೆವು. ಇಲ್ಲಿಯೂ ಹಾಗೆಯೇ ಆಯಿತು. ಹೊಸ ಪೀಠಕ್ಕೆ ಸ್ಥಳ ಬೇಕಾಯಿತು. ಮೆಟ್ಟಲುಗಳು ಮುಂದೆ ಬಂದವು. ಜನರು ಮೊಣಕಾಲೂರಿ ಪರಮಪ್ರಸಾದ ಸ್ವೀಕರಿಸುತ್ತಿದ್ದ ಕಟಾಂಜನಗಳು ಅನೇಕ ಕಡೆ ಮಾಯವಾದವು. ಪ್ರಸಾದಪೆಟ್ಟಿಗೆಯು ಕೆಲವೆಡೆ ಪಕ್ಕಕ್ಕೆ ಸರಿಯಿತು.

ಹಳೆಯ ಗೋವೆಯಲ್ಲಿ 1605ರಲ್ಲಿ ಪ್ರತಿಷ್ಠಿತವಾದ ಬೊಂ ಜೇಸುಸ್ ಇಗರ್ಜಿಯ ಚಿನ್ನದ ಲೇಪದ ಬೃಹತ್ ಪೀಠವನ್ನಾಗಲಿ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಆಂಟೋನಿಯೊ ಮೊಸ್ಕೆನಿ 1899ರಿಂದ ಬರೆದ ಚಿತ್ರಗಳನ್ನಾಗಲಿ ನೋಡಿದವರಿಗೆ ಅಪಾಯವು ಅರ್ಥವಾದೀತು. ಅಲ್ಲಿ ಪೀಠ, ಗೋಡೆ, ಚಿತ್ರ, ಬೆಳಕು ಒಂದನ್ನೊಂದು ನಂಬಿ ನಿಂತಿವೆ. ಒಂದನ್ನು ಕಿತ್ತರೆ ಉಳಿದುದು ಅನಾಥ.

ಆದರೆ ದೋಷವನ್ನು ಸುಧಾರಣೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಳೆಯ ಪೀಠಗಳನ್ನು ಒಡೆಯಿರೆಂದು ಆ ನಿರ್ದೇಶನ ಹೇಳಲಿಲ್ಲ. ಅಮೂಲ್ಯ ಕಲಾವಸ್ತುಗಳು ಕೈತಪ್ಪದಂತೆ ಕಾಯಬೇಕೆಂದು 1963ರ ಘೋಷಣೆಯೇ ವಿಧಿಸಿತ್ತು. ಸುಧಾರಣೆಯ ನೆಪದಲ್ಲಿ ನಡೆದ ಹಾಳುಗೆಡಹುವಿಕೆಯನ್ನು 1971ರಲ್ಲಿ ರೋಮ್ ಬಹಿರಂಗವಾಗಿ ಆಕ್ಷೇಪಿಸಿತು. 2002ರ ಪೂಜಾನಿಯಮವಂತೂ ಸ್ಪಷ್ಟ: ಕಲೆಗೆ ಧಕ್ಕೆಯಾಗದೆ ಹಳೆಯ ಪೀಠವನ್ನು ಸರಿಸಲಾಗದಿದ್ದರೆ, ಅದನ್ನಿರಿಸಿಯೇ ಮುಂದೆ ಇನ್ನೊಂದನ್ನು ಅಂದವಾಗಿ ನಿಲ್ಲಿಸಬೇಕು, ಪೂಜೆಯು ಅದರ ಮೇಲೆಯೇ ನಡೆಯಬೇಕು.

ಜನರಿಗೆ ಪೂಜೆ ತಿಳಿಯಬೇಕೆಂಬುದು ಸಾಧುವಾದ ಉದ್ದೇಶ. ಅದಕ್ಕೆ ಹಾರೆ ಬೇಕಿಲ್ಲ, ವಿವೇಕ ಬೇಕು. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹಳೆಯ ಕಲ್ಲುಕಂಬಗಳಿಗೆ ಬಣ್ಣ ಬಳಿದು ಹೊಳಪಿನ ಹಾಸುಗಲ್ಲು ಹೊದಿಸುವ ನಮ್ಮ ಊರುಗಳ ದೇವಸ್ಥಾನ ಸಮಿತಿಗಳಿಗೂ ಈ ಮಾತು ಸಲ್ಲುತ್ತದೆ. ಹೊಸ ಪೀಠವನ್ನು ಯಾವಾಗ ಬೇಕಾದರೂ ಕಟ್ಟಬಹುದು. ಒಡೆದ ಹಳೆಯದನ್ನು ಮತ್ತೆ ಯಾರು ಕಟ್ಟಿಯಾರು?